ಹದಿನೆಂಟನೇ ಮುಚ್ಚಳ

ಎಚ್ಚರವಾದ ಕೂಡಲೇ ಭೀಮಸಿಯ ಕೈ ದಿಂಬಿನ ಕೆಳಗೆ ಹೋಯಿತು. ಡೇರಿಯ ಕೀಲಿಕೈ ಅಲ್ಲಿರಲಿಲ್ಲ. ಇಲ್ಲ ಅನ್ನುವುದು ಗೊತ್ತಾಗಲು ಕೈಗೆ ಒಂದು ಗಳಿಗೆ ಬೇಕಾಯಿತು, ತಲೆಗೆ ಇನ್ನೊಂದು ಗಳಿಗೆ. ಒಂಬತ್ತು ವರ್ಷದಿಂದ ದಿನಾ ನಸುಕಿನಲ್ಲಿ ಕೈ ಹಾಗೆ ಹೋಗಿ, ಕಬ್ಬಿಣ ತಣ್ಣಗೆ ಬೆರಳಿಗೆ ತಾಗಿ, ಎದ್ದು ಕೂತು, ಚಪ್ಪಲಿ ಮೆಟ್ಟಿ ಹೊರಡುವುದೇ ನಡೆದು ಬಂದಿತ್ತು. ನಿನ್ನೆ ಸಂಜೆ ಆ ಕೀಲಿಕೈಯನ್ನು ಅವನೇ ಮೇಜಿನ ಮೇಲೆ ಇಟ್ಟಿದ್ದ. ಚೇರಮನ್ ಬಾಬಾಸಾಹೇಬರು ಅದನ್ನು ಕೈಯಿಂದ ಮುಟ್ಟದೆ ಪೆನ್ನಿನ ತುದಿಯಿಂದ ತಮ್ಮ ಕಡೆ ಎಳೆದುಕೊಂಡಿದ್ದರು. ಅವರು ಬೈದದ್ದು ಏನೂ ನೆನಪಿಲ್ಲ, ಬೈದರೋ ಇಲ್ಲವೋ ಅದೂ ಈಗ ಅನುಮಾನ. ರಾತ್ರಿ ಕಣ್ಣು ಮುಚ್ಚಿದಾಗೆಲ್ಲ ಕಂಡದ್ದು ಆ ಪೆನ್ನು, ಅದರ ನೀಲಿ ತುದಿ, ಮತ್ತು ಮೇಜಿನ ಮೇಲೆ ಕೀಲಿಕೈ ಜಾರಿದಾಗ ಆದ ಸಣ್ಣ ಸಪ್ಪಳ.

ಕೊಟ್ಟಿಗೆಯಲ್ಲಿ ಮನಿಷಾ ಎಮ್ಮೆ ಹಿಂಡುತ್ತಿದ್ದಳು. ಹಾಲಿನ ಧಾರೆ ಮೊದಲು ಬಕೆಟ್ಟಿನ ತಳಕ್ಕೆ ಬಡಿದು ಟಣಟಣ ಅಂದು, ಆಮೇಲೆ ಹಾಲಿನ ಮೇಲೇ ಬಿದ್ದು ಮೆತ್ತಗಾಯಿತು. ಆ ಬಕೆಟ್ಟು ಯಾವುದೆಂದು ಸದ್ದಿನಿಂದಲೇ ಅವನಿಗೆ ತಿಳಿಯಿತು. ಹೋದ ದೀಪಾವಳಿಗೆ ಡೇರಿಯವರು ಕೊಟ್ಟದ್ದು, ಸ್ಟೀಲಿನದು, ಹೊಟ್ಟೆಯ ಮೇಲೆ ‘ಅತಿ ಹೆಚ್ಚು ಫ್ಯಾಟ್, ಪ್ರಥಮ ಬಹುಮಾನ’ ಎಂದು ಕೆತ್ತಿಸಿದ್ದು. ಆವತ್ತು ಸಭೆಯಲ್ಲಿ ಬಾಬಾಸಾಹೇಬರ ಕೈಯಿಂದ ಅದನ್ನು ತೆಗೆದುಕೊಳ್ಳುವಾಗ ಮನಿಷಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಗಬಾರದೆಂದು ತುಟಿ ಕಚ್ಚಿ ಹಿಡಿದಿದ್ದಳು. ಅದನ್ನು ಒಂದು ದಿನವೂ ಬಳಸಿರಲಿಲ್ಲ. ಅಡುಗೆಮನೆಯ ಹಲಗೆಯ ಮೇಲೆ ಹೆಸರು ಕಾಣುವ ಹಾಗೆ ಇಟ್ಟಿದ್ದಳು. ಇವತ್ತು ಕೆಳಗಿಳಿಸಿದ್ದಾಳೆ.

ಅವನು ಎದ್ದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಊರೆಲ್ಲ ಅವಳಿಗೆ ಹೇಳಿ ಆಗಿತ್ತು, ಅವನು ಹೇಳುವುದು ಏನೂ ಉಳಿದಿರಲಿಲ್ಲ. ನಿನ್ನೆ ರಾತ್ರಿ ಅವಳು ರೊಟ್ಟಿ ಬಡಿಯುತ್ತ ಒಂದೇ ಮಾತು ಕೇಳಿದ್ದಳು, ಎಲ್ಲರ ಎದುರಿಗೇ ಮುಚ್ಚಳ ತೆಗೆಸಿದರಾ ಎಂದು. ಹೂಂ ಅಂದಿದ್ದ. ಸಂಜೆಯ ಸರದಿ ಮುಗಿದು ಹಾಲಿನ ಗಾಡಿ ಹೋಗಿತ್ತು, ಜನ ಇನ್ನೂ ಕಟ್ಟೆಯ ಮೇಲಿದ್ದರು. ಅವನು ಮನೆಗೆ ಹೊರಟಿದ್ದ, ಕೈಯಲ್ಲಿ ಚೀಲ, ಚೀಲದಲ್ಲಿ ತಿರುಪು ಮುಚ್ಚಳದ ಕಿಟ್ಲಿ. ಬಾಬಾಸಾಹೇಬರು ಮೋಟರ್‌ಸೈಕಲ್ಲಿನಿಂದ ಇಳಿಯದೆಯೇ, ಅದರಾಗ ಏನೈತಿ ತೆಗಿ ನೋಡೂಣು, ಅಂದರು. ಮುಚ್ಚಳ ಬಿಗಿಯಾಗಿತ್ತು. ಎಷ್ಟು ತಿರುಗಿಸಿದರೂ ಬರಲಿಲ್ಲ, ಅಂಗೈ ಬೆವೆತು ಜಾರುತ್ತಿತ್ತು. ಕೊನೆಗೆ ಯಾರೋ ಮುಂದೆ ಬಂದು, ಕೊಡಪಾ ಇಲ್ಲಿ, ಎಂದು ತೆಗೆದುಕೊಟ್ಟರು. ಸಹಾಯ ಮಾಡಿದವರ ಹಾಗೆ. ಒಳಗೆ ಸ್ಯಾಂಪಲ್ ಹಾಲು, ನೊರೆ ಇನ್ನೂ ಆರಿರಲಿಲ್ಲ.

ಸ್ಯಾಂಪಲ್ ಹಾಲು ಅಂದರೆ ಎಲ್ಲರ ಹಾಲೂ ಹೌದು, ಯಾರ ಹಾಲೂ ಅಲ್ಲ. ಒಬ್ಬೊಬ್ಬರು ಹಾಲು ಹಾಕಿದಾಗಲೂ ಒಂದು ಸಣ್ಣ ಸೌಟು ತೆಗೆದು ಪ್ಲಾಸ್ಟಿಕ್ ಶೀಸೆಗೆ ತುಂಬಿ, ಅವರ ನಂಬರಿನ ಬಿಳಿ ಮುಚ್ಚಳ ಹಾಕಿ ತಟ್ಟೆಯಲ್ಲಿ ಸಾಲಾಗಿ ಇಡುವುದು. ಹಾಲಿನ ಗಾಡಿ ಚಿಕ್ಕೋಡಿ ಕಡೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಒಂದೊಂದೇ ಶೀಸೆ ತೆಗೆದು ಮಷಿನ್ನಿನ ನಳಿಕೆಗೆ ಹಿಡಿದು ಫ್ಯಾಟ್ ಬರೆದುಕೊಳ್ಳುವುದು. ಎಮ್ಮೆಯ ಹಾಲಿಗೆ ಫ್ಯಾಟೇ ಬೆಲೆ, ಫ್ಯಾಟೇ ಮರ್ಯಾದೆ. ಉಳಿದ ಹಾಲು ಸಂಘದ ಕ್ಯಾನಿಗೆ ವಾಪಸು ಹೋಗಬೇಕು. ಚಹಾಕ್ಕೆಂದು ಒಂದು ಲೋಟ ಒಯ್ದರೆ ಯಾರೂ ಕೇಳುವುದಿಲ್ಲ, ಅವನ ಹಿಂದಿನವನೂ ಒಯ್ಯುತ್ತಿದ್ದ. ಲೋಟ ಯಾವಾಗ ತಂಬಿಗೆಯಾಯಿತು, ತಂಬಿಗೆ ಯಾವಾಗ ಕಿಟ್ಲಿಯಾಯಿತು ಎಂದು ಭೀಮಸಿಗೆ ಸರಿಯಾಗಿ ಹೇಳಲು ಬಾರದು. ಆದರೆ ಅದಕ್ಕಾಗಿ ರಾತ್ರಿ ನಿದ್ದೆ ಕೆಟ್ಟಿರಲಿಲ್ಲ. ಕಿಟ್ಲಿಯ ಮುಚ್ಚಳ ತೆಗೆದಾಗ ಜನರೆಲ್ಲ ಬಗ್ಗಿ ನೋಡಿದರಲ್ಲ, ಆಗ ಅವನ ಎದೆಯಲ್ಲಿ ನಾಚಿಕೆಗಿಂತ ಮುಂಚೆ ಬೇರೊಂದು ಬಂದಿತ್ತು, ಈಗ ನೆನೆದರೆ ಮೈ ಬಿಸಿಯಾಗುವಂಥದು. ಇಷ್ಟೇ ಸಿಕ್ಕಿತಲ್ಲ ಎನ್ನುವ ಸಮಾಧಾನ.

ಮನಿಷಾ ಬಕೆಟ್ಟು ತಂದು ಅವನ ಮುಂದಿಟ್ಟಳು.

"ಅಹೋ, ನೀವ ಹಾಕಿ ಬರ್ರಿ."

ಅವನು ತಾನು ಹೋಗುವುದಿಲ್ಲ, ನೀನೇ ಹೋಗು ಎಂದ. ಅವಳು ಕೇಳಲಿಲ್ಲ. ಮನೆಯೊಳಗೆ ಕೂತರೆ ಕಳ್ಳ ಅನ್ನುವುದನ್ನು ನಾವೇ ಒಪ್ಪಿಕೊಂಡ ಹಾಗೆ, ಅಂದಳು. ಇವತ್ತಿನಿಂದ ಡೇರಿಯಲ್ಲಿ ಹೊಸ ಪದ್ಧತಿಯಂತೆ, ಕಿಟಕಿಯಲ್ಲೇ, ಎಲ್ಲರ ಎದುರಿಗೇ ಮಷಿನ್ ಹಚ್ಚುತ್ತಾರಂತೆ, ನಂಬರು ಕೆಂಪು ದೀಪದಲ್ಲಿ ಎಲ್ಲರಿಗೂ ಕಾಣುತ್ತದಂತೆ. ಹೇಳುತ್ತ ಹೇಳುತ್ತ ಅವಳ ಮುಖದಲ್ಲಿ ಆ ಸಭೆಯ ದಿನದ ಬಿಗಿದ ತುಟಿ ಮತ್ತೆ ಬಂತು.

"ನೋಡಲಿ. ನಾಕ್ ಹನಿ ಹಾಲಿಗೆ ಕಳ್ಳ ಅಂದವ್ರು ನಮ್ಮ ಎಮ್ಮಿ ನಂಬರ್ ನೋಡಿ ಬಾಯಿ ಮುಚ್ಚಲಿ."

ಅವನು ಬಕೆಟ್ಟು ಎತ್ತಿಕೊಂಡ.

ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಒಂದರ ಹಿಂದೊಂದು ನಿಂತಿದ್ದವು, ಡ್ರೈವರುಗಳು ಗಾಲಿಯ ಪಕ್ಕ ಬೆಂಕಿ ಹಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಅವನು ನಿಧಾನ ನಡೆದ. ಎಡಕ್ಕೆ ತಿರುಗಿದರೆ ಅಂಕಲಿಯ ರಸ್ತೆ. ಅಲ್ಲಿಯೂ ಒಂದು ಡೇರಿ ಇದೆ, ಅಲ್ಲಿ ಅವನ ಗುರುತಿಲ್ಲ, ಹೊಸ ನಂಬರು ಕೊಡುತ್ತಾರೆ, ಎಮ್ಮೆಯ ಹಾಲಿನಲ್ಲಿ ಎಷ್ಟಿದೆಯೋ ಅಷ್ಟು ಬರೆಯುತ್ತಾರೆ. ಐದೂವರೆ, ಐದು ಎಂಟು. ಬಹಳವಾದರೆ ಆರು. ಕೊಗನೊಳ್ಳಿಯಿಂದ ಮನಿಷಾಳ ತವರಿನವರು ಕೊಟ್ಟ ಎಮ್ಮೆ ಅದು. ಅವನ ತಾಯಿ ಸಾಯುವ ತನಕ ಅದನ್ನು ಎಮ್ಮೆ ಅನ್ನಲಿಲ್ಲ, ಕೊಗನೊಳ್ಳಿ ನೀರು ಅಂದಳು. ಚಹಾ ತೆಳ್ಳಗಾದರೆ ಕೊಗನೊಳ್ಳಿ ನೀರು, ಮೊಸರು ಹೆಪ್ಪಾಗದಿದ್ದರೆ ಕೊಗನೊಳ್ಳಿ ನೀರು. ಮನಿಷಾ ಆ ಎಮ್ಮೆಗೆ ತನ್ನ ಪಾಲಿನ ರೊಟ್ಟಿಯನ್ನು ಕೂಡ ಹಾಕುತ್ತಿದ್ದಳು, ಅದರ ಕಿವಿಯಲ್ಲಿ ಮರಾಠಿಯಲ್ಲಿ ಏನೇನೋ ಹೇಳುತ್ತಿದ್ದಳು. ಎಮ್ಮೆ ತಿಂದು, ಕೇಳಿಸಿಕೊಂಡು, ಐದೂವರೆಯೇ ಕೊಡುತ್ತಿತ್ತು.

ಹದಿನಾಲ್ಕು ತಿಂಗಳ ಹಿಂದೆ, ಮೊದಲನೇ ದಿನ, ಅದು ತಪ್ಪು, ಬರೀ ತಪ್ಪು. ಶೀಸೆ ತುಂಬಿ ಇಡುವಾಗ ಹದಿನೇಳರ ಮುಚ್ಚಳ ಹದಿನೆಂಟಕ್ಕೆ, ಹದಿನೆಂಟರದು ಹದಿನೇಳಕ್ಕೆ ಕೂತಿತ್ತು. ಹದಿನೇಳು ಅವನ ಮನೆಯ ನಂಬರು. ಚೀಟಿಯಲ್ಲಿ ಎಂಟು ಪಾಯಿಂಟ್ ನಾಲ್ಕು ಎಂದು ಬಂತು. ಅವನು ಗಮನಿಸದೆಯೇ ಜೇಬಿಗೆ ಹಾಕಿ ಮನೆಗೆ ಒಯ್ದಿದ್ದ. ಮನಿಷಾ ಚೀಟಿಯನ್ನು ಬಲ್ಬಿನ ಕೆಳಗೆ ಹಿಡಿದು, ಹತ್ತಿರ ಹಿಡಿದು, ದೂರ ಹಿಡಿದು ಓದಿದಳು. ಆಮೇಲೆ ಕೊಟ್ಟಿಗೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅವನು ಹೋಗಿ ಇಣುಕಿದರೆ ಎಮ್ಮೆಯ ಕೊರಳಿಗೆ ಕೆನ್ನೆ ಹಚ್ಚಿ ನಿಂತಿದ್ದಳು, ಭುಜ ಅಲುಗುತ್ತಿತ್ತು. ತಪ್ಪು ಗೊತ್ತಾದದ್ದು ಆಗಲೇ. ಹೇಳಬೇಕಿದ್ದರೂ ಆಗಲೇ ಹೇಳಬೇಕಿತ್ತು, ಆ ಕೊಟ್ಟಿಗೆಯ ಬಾಗಿಲಲ್ಲಿ. ಅವನು ಹಿಂದಕ್ಕೆ ಸರಿದು ಬಂದು ಊಟಕ್ಕೆ ಕೂತ. ಮರುದಿನ ಬಾಗಿಲು ಮುಂದೆ ಮಾಡಿ, ಹದಿನೇಳು ಮತ್ತು ಹದಿನೆಂಟರ ಮುಚ್ಚಳ ಎರಡೂ ಕೈಯಲ್ಲಿ ಹಿಡಿದು ಕೂತಾಗ ಅವನ ಬೆರಳುಗಳಿಗೆ ಯಾವ ಅವಸರವೂ ಇರಲಿಲ್ಲ.

ಹದಿನೆಂಟು ತಾರವ್ವನ ನಂಬರು.

ಡೇರಿಗೆ ಹೋಗಬೇಕಾದರೆ ಅವಳ ಮನೆಯ ಮುಂದೆಯೇ ಹೋಗಬೇಕು. ಅವಳು ಅಂಗಳದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದಳು. ಪಂಢರಪುರಿ ಎಮ್ಮೆ, ಭುಜ ದಾಟಿ ಬೆನ್ನಿನವರೆಗೆ ಹೋದ ಕೊಂಬು. ಕೊಂಬಿಗೆ ಎಣ್ಣೆ ಹಚ್ಚಿದ್ದಳು, ಬೆಳಕು ಹರಿಯುತ್ತಿದ್ದ ಹಾಗೆ ಅದು ಮಿರುಗುತ್ತಿತ್ತು. ಅರವತ್ತು ದಾಟಿದ ಹೆಂಗಸು, ಗಂಡ ಹೋಗಿ ಹನ್ನೆರಡು ವರ್ಷ. ಎಮ್ಮೆ, ಅವಳು, ಎರಡೇ ಜೀವ ಆ ಮನೆಯಲ್ಲಿ. ಭೀಮಸಿ ಮುಖ ಆ ಕಡೆ ಮಾಡಿ ದಾಟಿಬಿಡಬೇಕೆಂದಿದ್ದ. ಅವಳೇ ಕರೆದಳು.

"ಹೆದರಬ್ಯಾಡ ತಮ್ಮಾ. ಅಷ್ಟ ಹಾಲು ಯಾರ್ ಒಯ್ಯಂಗಿಲ್ಲ? ನಾ ಹೇಳ್ತೀನಿ ಬಾಬಾಸಾಹೇಬಗ."

ಅವನು ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಕೆತ್ತಿದ ಅಕ್ಷರ ತನ್ನ ಕಾಲಿನ ಕಡೆ ಬರುವ ಹಾಗೆ ಹಿಡಿದ. ಹೋದ ದೀಪಾವಳಿಗಿಂತ ಹಿಂದಿನ ಎರಡು ವರ್ಷ ಆ ಬಹುಮಾನ ಅವಳಿಗೇ ಬಂದಿತ್ತು. ಹೋದ ಸಲ ಅವಳು ಸಭೆಯ ಕೊನೇ ಸಾಲಿನಲ್ಲಿ ಕೂತು ಮನಿಷಾಳಿಗೆ ಚಪ್ಪಾಳೆ ಹೊಡೆದಿದ್ದಳು. ಇವತ್ತು ಹಾಲು ಹಾಕಲು ಬರುವುದಿಲ್ಲವಾ ಎಂದು ಅವನು ಕೇಳಿದ. ಕೇಳುವಾಗಲೇ ಎಮ್ಮೆಯ ಕೆಚ್ಚಲು ಕಂಡಿತು. ತುಂಬಿ ಬಿಗಿದು, ನರ ಎದ್ದು, ಮೊಲೆಗಳು ನಾಲ್ಕೂ ದಿಕ್ಕಿಗೆ ಚಾಚಿಕೊಂಡಿದ್ದವು. ನಿನ್ನೆ ಸಂಜೆಯೂ ಹಿಂಡಿಲ್ಲ. ಕೊಳ್ಳುವವರು ನೋಡಲು ಬರುವಾಗ ಮಾತ್ರ ಹೀಗೆ ಬಿಡುತ್ತಾರೆ.

ಬಾಳಾಸಾಬ ಬರುತ್ತಾನೆ, ಅಂದಳು ತಾರವ್ವ. ಅಥಣಿ ಕಡೆಯ ಎಮ್ಮೆ ದಲ್ಲಾಳಿ, ಮಾತು ಮುಗಿದಿದೆ, ನೋಡಿ ಹೊಡೆದುಕೊಂಡು ಹೋಗುವುದೊಂದೇ ಬಾಕಿ. ಹೇಳುತ್ತ ಅವಳು ಎಮ್ಮೆಯ ಹಣೆಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು. ಏನು ಮಾಡಲಿಲ್ಲ ತಾನು, ಭೀಮಸಿ ಹೇಳಿದ ಹಿಂಡಿಯನ್ನೇ ತಂದು ಹಾಕಿದಳು, ದವಾಖಾನೆಯ ಡಾಕ್ಟರನ್ನು ಕರೆಸಿದಳು, ದೃಷ್ಟಿ ತೆಗೆದಳು, ತಾನು ಕರಿ ಚಹಾ ಕುಡಿದಳು. ಫ್ಯಾಟು ಐದೂವರೆಯಿಂದ ಏಳಲಿಲ್ಲ. ಹಾಲಿಗೆ ನೀರು ಹಾಕುತ್ತಾಳೆ ಎಂದು ಆಡಿಕೊಂಡವರೂ ಇದ್ದಾರೆ. ಒಂದು ದಿನ ಸಿಟ್ಟಿಗೆದ್ದು ಬಡಿಗೆಯಿಂದ ಇದಕ್ಕೆ ಹೊಡೆದೂ ಬಿಟ್ಟಳಂತೆ. ಹೊಡೆದರೂ ಇದು ಹಗ್ಗ ಜಗ್ಗಲಿಲ್ಲವಂತೆ, ತಿರುಗಿ ಅವಳನ್ನೇ ನೋಡಿತಂತೆ. ತಾರವ್ವ ಅವನ ಮುಖ ನೋಡಿದಳು.

"ಮುಪ್ಪಾತು ಇದಕ್ಕ, ಅಲ್ಲೇನೋ? ಮಷಿನ್ ಯಾಕ ಸುಳ್ಳ ಹೇಳ್ತೈತಿ."

ಅದು ಅವನ ಮಾತೇ. ಹದಿನಾಲ್ಕು ತಿಂಗಳಲ್ಲಿ ಎಷ್ಟು ಸಲ ಅವಳು ಚೀಟಿ ಹಿಡಿದುಕೊಂಡು ಕಿಟಕಿಗೆ ಬಂದಿದ್ದಳೋ ಅಷ್ಟೂ ಸಲ ಅವನು ತಲೆ ಎತ್ತದೆ ಹೇಳಿದ್ದು, ಮಷಿನ್ ಸುಳ್ಳ ಹೇಳಂಗಿಲ್ಲ ಆಯಿ. ಈಗ ಅದು ಅವಳ ಬಾಯಿಂದ ಅವಳದೇ ಮಾತಿನ ಹಾಗೆ ಬರುತ್ತಿತ್ತು. ಹೊತ್ತಾಯಿತು ಎಂದು ಏನೋ ಗೊಣಗಿ ಅವನು ಹೆಜ್ಜೆ ಕಿತ್ತ. ಹಿಂದಿನಿಂದ ಅವಳು, ಹಾಲು ತುಳುಕತೈತಿ ಸಾವಕಾಶ ಹೋಗು, ಅಂದದ್ದು ಕೇಳಿಸಿತು.

ಡೇರಿಯ ಕಟ್ಟೆಯ ಮೇಲೆ ಸರದಿ ಇತ್ತು. ಈ ಸರದಿಯನ್ನು ಅವನು ಒಂಬತ್ತು ವರ್ಷ ಕಿಟಕಿಯ ಒಳಗಿನಿಂದ ನೋಡಿದ್ದ, ಕೈ ಮತ್ತು ಕ್ಯಾನುಗಳ ಸಾಲಾಗಿ. ಹೊರಗಿನಿಂದ ಬೆನ್ನುಗಳು ಕಾಣುತ್ತವೆ ಎನ್ನುವುದು ಗೊತ್ತಿರಲಿಲ್ಲ. ಬೆನ್ನುಗಳು ಒಂದೊಂದಾಗಿ ತಿರುಗಿದವು. ಮಲ್ಲೇಶ ಎನ್ನುವವನು, ಸಾಹೇಬ್ರಿಗೆ ದಾರಿ ಬಿಡ್ರಪಾ, ಇವತ್ತ ಈ ಕಡಿಂದ ಬಂದಾರ, ಅಂದ. ಯಾರೋ ನಕ್ಕರು, ಆದರೆ ಪೂರ್ತಿ ನಗಲಿಲ್ಲ. ಉಳಿದವರು ಜಾಗ ಬಿಟ್ಟು ನಿಂತರು, ಬೇಕಾದದ್ದಕ್ಕಿಂತ ಹೆಚ್ಚು ಜಾಗ. ಅವನ ಮುಂದೆಯೂ ಹಿಂದೆಯೂ ಒಂದೊಂದು ಕ್ಯಾನು ಇಡುವಷ್ಟು ನೆಲ ಖಾಲಿ ಉಳಿಯಿತು. ಈಗಲೂ ಹೋಗಬಹುದು, ಅನಿಸಿತು. ಕಾಲು ಎಡವಿದ ಹಾಗೆ ಮಾಡಿದರೆ ಸಾಕು, ಬಕೆಟ್ಟು ಉರುಳುತ್ತದೆ, ಹಾಲು ಚರಂಡಿಗೆ ಹೋಗುತ್ತದೆ, ಪಾಪ ಅನ್ನುತ್ತಾರೆ. ಸಂಜೆಯೊಳಗೆ ತಾರವ್ವನ ಎಮ್ಮೆ ಕಾಗವಾಡ ದಾಟಿರುತ್ತದೆ. ಆಮೇಲೆ ತನ್ನ ಎಮ್ಮೆ ಐದೂವರೆ ತೋರಿಸಿದರೂ ಹೋಲಿಸಿ ನೋಡಲು ಹದಿನೆಂಟು ಇರುವುದಿಲ್ಲ, ಎಲ್ಲ ಎಮ್ಮೆಗಳೂ ಇಳಿಯುತ್ತವೆ. ಇದನ್ನೆಲ್ಲ ಅವನು ಗಾಬರಿಯಿಲ್ಲದೆ ಯೋಚಿಸುತ್ತಿದ್ದ, ಬೇರೆ ಯಾರದೋ ಲೆಕ್ಕ ಬರೆದುಕೊಡುವವನ ಹಾಗೆ. ಸಾಲು ಮುಂದೆ ಸರಿಯುತ್ತಿತ್ತು.

ಕಿಟಕಿಯಲ್ಲಿ ಸಮ್ಮೇದ ಇದ್ದ. ಬೋರಗಾಂವದಲ್ಲಿ ಮಗ್ಗ ನಡೆಸುತ್ತಿದ್ದವನು, ನಲವತ್ತು ದಾಟಿದ ಮೇಲೆ ಮಗ್ಗ ಬಿಟ್ಟು ಹೋದ ತಿಂಗಳು ಇಲ್ಲಿ ಸೇರಿದ್ದ. ಮಷಿನ್ ತೊಳೆಯುವುದನ್ನು ಅವನಿಗೆ ಕಲಿಸಿದ್ದು ಭೀಮಸಿಯೇ. ಬಕೆಟ್ಟು ತೆಗೆದುಕೊಳ್ಳುವಾಗ ಅವನು ಕಣ್ಣು ಕೂಡಿಸಲಿಲ್ಲ. ತೂಕ ಮಾಡಿದ, ಹಾಲನ್ನು ಕದಡಿದ, ಒಂದು ಸೌಟು ಎತ್ತಿ ನಳಿಕೆಗೆ ಹಿಡಿದ. ಮಷಿನ್ ಗುರ್ ಎಂದು ಎಳೆದುಕೊಂಡಿತು. ಆ ಸದ್ದನ್ನು ಭೀಮಸಿ ಸಾವಿರಾರು ಸಲ ಕೇಳಿದ್ದ, ಇಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ.

ಕೆಂಪು ಅಂಕಿಗಳು ಹತ್ತಿದವು. ಐದು ಪಾಯಿಂಟ್ ಆರು.

ಸಮ್ಮೇದ ಅಂಕಿ ನೋಡಿದ, ಬಕೆಟ್ಟಿನ ಮೇಲಿನ ಅಕ್ಷರ ನೋಡಿದ. ನಳಿಕೆ ತೊಳೆದು ಇನ್ನೊಮ್ಮೆ ಹಿಡಿದ. ಐದು ಪಾಯಿಂಟ್ ಆರು. ಆಗ ಅವನು ಮೊದಲ ಸಲ ಭೀಮಸಿಯ ಮುಖ ನೋಡಿ, ಮಷಿನ್ ಇನ್ನೂ ತಂಪ ಐತಿ ಅಣ್ಣಾ, ಸಂಜೀಕ ಮತ್ತ ನೋಡೂಣು, ಅಂದ. ಹಿಂದಿನಿಂದ ಯಾರೋ, ಎಮ್ಮೆ ಬೆದೆಗೆ ಬಂದಿರಬೇಕು ಅಂದರು. ಇನ್ನೊಬ್ಬರು, ಮನೆಯಲ್ಲಿ ತ್ರಾಸಾದರೆ ಮೂಕಪ್ರಾಣಿಗೂ ತಿಳಿಯುತ್ತದೆ, ನಿನ್ನೆ ಹಾಗಾಯಿತಲ್ಲ, ಪಾಪ, ಅಂದರು. ಮಲ್ಲೇಶ ಕೂಡ ಹೌದೆಂದು ತಲೆ ಹಾಕಿದ. ಒಂದೊಂದು ಮಾತೂ ಒಂದೊಂದು ಬಾಗಿಲಾಗಿ ತೆರೆಯುತ್ತ ಹೋಯಿತು, ಯಾವುದರಿಂದ ಬೇಕಾದರೂ ಹೊರಗೆ ಹೋಗಬಹುದಿತ್ತು. ನಿನ್ನೆ ಕಿಟ್ಲಿಯ ಮುಚ್ಚಳ ತೆಗೆದುಕೊಟ್ಟದ್ದೂ ಹೀಗೇ, ಹೀಗೇ ಮುಂದೆ ಬಂದು, ಕೊಡಪಾ ಇಲ್ಲಿ, ಎಂದು. ಇಷ್ಟು ಜನ ತನ್ನ ಕಡೆಗಿದ್ದಾರೆ, ಮತ್ತು ಇಷ್ಟರಲ್ಲಿ ಒಬ್ಬರಿಗೂ ತಾನು ಯಾರೆಂದು ಗೊತ್ತಿಲ್ಲ. ಅವನಿಗೆ ಕಟ್ಟೆಯ ಮೇಲೆ, ಹಗಲು ಹೊತ್ತಿನಲ್ಲಿ, ಯಾರೂ ಇಲ್ಲದ ಹೊಲದಲ್ಲಿ ನಿಂತ ಹಾಗಾಯಿತು.

"ಸಮ್ಮೇದ, ಒಂದ್ ಖಾಲಿ ಶೀಸೆ ಕೊಡು. ಹದಿನೆಂಟರ ಮುಚ್ಚಳ ಕೊಡು."

ಯಾಕೆ ಎಂದು ಸಮ್ಮೇದ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಭೀಮಸಿ ಅಲ್ಲೇ ನಿಂತುಬಿಡುತ್ತಿದ್ದ. ಬಕೆಟ್ಟನ್ನು ಕಟ್ಟೆಯ ಮೇಲೆಯೇ ಬಿಟ್ಟು ಬಂದ ದಾರಿಯಲ್ಲೇ ತಿರುಗಿ ನಡೆದ.

ತಾರವ್ವನ ಅಂಗಳದಲ್ಲಿ ಬಾಳಾಸಾಬ ಆಗಲೇ ಬಂದಿದ್ದ. ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಹೊಸ ಹಗ್ಗದ ಸುರುಳಿ. ಎಮ್ಮೆಯ ಸುತ್ತ ಒಂದು ಸುತ್ತು ಹಾಕಿ, ಕೆಚ್ಚಲಿಗೆ ಅಂಗೈ ಒತ್ತಿ ನೋಡುತ್ತಿದ್ದ. ಭೀಮಸಿ ಶೀಸೆ ಮುಂದೆ ಚಾಚಿ, ಸ್ವಲ್ಪ ಹಾಲು ಬೇಕಾಗಿತ್ತು ಆಯಿ, ಮಷಿನ್ನಿಗೆ, ಅಂದ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಡೇರಿಯ ಕೆಲಸವೆಂದರೆ ಇಲ್ಲವೆನ್ನದೆ, ಶೀಸೆ ಇಸಿದುಕೊಂಡು ಕೂತು, ಒಂದು ಮೊಲೆಯಿಂದ ಎರಡು ಎಳೆತ ಹಾಕಿ ತುಂಬಿಸಿ ಕೊಟ್ಟಳು. "ತಗೋ."

ಶೀಸೆ ಅವನ ಕೈಯಲ್ಲಿ ಬೆಚ್ಚಗೆ ಕೂತಿತು. ಹಾಲು ತೆಳ್ಳಗಿತ್ತು, ನೀಲಿಯ ಒಂದು ಛಾಯೆ. ಮೊದಲ ಎಳೆತದ ಹಾಲು ಯಾವಾಗಲೂ ಹೀಗೇ, ಕೆನೆಯೆಲ್ಲ ಮೇಲೆ ನಿಂತು ಕೊನೆಯ ಎಳೆತಕ್ಕೆ ಇಳಿಯುತ್ತದೆ. ಎಂಥ ಎಮ್ಮೆಯಾದರೂ ಮೊದಲ ಎರಡು ಎಳೆತಕ್ಕೆ ಮಷಿನ್ ಮೂರೋ ನಾಲ್ಕೋ ತೋರಿಸುತ್ತದೆ. ಇದನ್ನು ಒಯ್ದು ನಳಿಕೆಗೆ ಹಿಡಿದರೆ ಸಾಕು. ಎಲ್ಲರೂ ನೋಡುತ್ತಾರೆ, ತಾರವ್ವನ ಎಮ್ಮೆಗೆ ಮುಪ್ಪಾದದ್ದು ಕೆಂಪು ದೀಪದಲ್ಲಿ ಹತ್ತುತ್ತದೆ, ತಾನು ಒಂದು ಸುಳ್ಳೂ ಹೇಳಿದ ಹಾಗಾಗುವುದಿಲ್ಲ. ಅವನು ಮುಚ್ಚಳ ಹಾಕಿದ. ಹದಿನೆಂಟು ಎಂಬ ಕಪ್ಪು ಬಣ್ಣ ಒಂದು ಕಡೆ ಸವೆದಿತ್ತು, ತನ್ನ ಹೆಬ್ಬೆರಳು ತಾಗಿ ತಾಗಿ ಸವೆದ ಜಾಗ ಅದು. ಬಾಳಾಸಾಬ ಹಗ್ಗ ಬಿಚ್ಚತೊಡಗಿದ. ಎಮ್ಮೆ ಮುಖ ತಿರುಗಿಸಿತು. ಹಗ್ಗವನ್ನಲ್ಲ, ಬಾಳಾಸಾಬನನ್ನಲ್ಲ, ತಾರವ್ವನನ್ನು ನೋಡಿತು.

ಭೀಮಸಿ ಮುಚ್ಚಳ ತೆಗೆದು ಶೀಸೆಯ ಹಾಲನ್ನು ನೆಲಕ್ಕೆ ಸುರಿದ.

"ಇದಲ್ಲ ಆಯಿ. ಪೂರಾ ಹಿಂಡಬೇಕು. ಕೊನೀ ಹನಿ ತನಕ."

ಕೆಚ್ಚಲು ಬರಿದಾದ ಎಮ್ಮೆಯನ್ನು ತಾನು ನೋಡುವುದಿಲ್ಲ ಎಂದು ಬಾಳಾಸಾಬ ಹೇಳಿದ. ಅಷ್ಟು ದೂರದಿಂದ ಟೆಂಪೊ ತಂದಿದ್ದೇನೆ, ಹೊತ್ತಿಲ್ಲ, ಈಗ ಹಿಂಡಿದರೆ ಮಾತು ಮುರಿದ ಹಾಗೆ. ತಾರವ್ವ ದಲ್ಲಾಳಿಯನ್ನು ನೋಡಿದಳು, ನೆಲದ ಮೇಲಿನ ಬಿಳಿ ಕಲೆಯನ್ನು ನೋಡಿದಳು, ಭೀಮಸಿಯನ್ನು ನೋಡಿದಳು. ಒಳಗಿಂದ ಪಾತ್ರೆ ತರುತ್ತ ಅವಳು ಬಾಳಾಸಾಬನಿಗೆ ಹೇಳಿದಳು.

"ಇಷ್ಟ ದಿನ ಇಂವ ಹೇಳಿದ್ದ ಕೇಳೇನಿ. ಇದೊಂದ್ ಸಲ ಬಿಟ್ರ ಹೆಂಗ?"

ಅವಳು ಹಿಂಡಿದಳು. ಬಾಳಾಸಾಬ ಸ್ವಲ್ಪ ಹೊತ್ತು ನಿಂತು, ಹಗ್ಗ ಸುತ್ತಿಕೊಂಡು, ಮರಾಠಿಯಲ್ಲಿ ಏನೋ ಅಂದು ಹೋದ. ಟೆಂಪೊದ ಸದ್ದು ಅಂಕಲಿ ಕಡೆ ಹೋಗುವವರೆಗೂ ಭೀಮಸಿ ಧಾರೆಯ ಸದ್ದು ಕೇಳುತ್ತ ನಿಂತಿದ್ದ. ಕೊನೆಕೊನೆಗೆ ಸದ್ದು ದಪ್ಪವಾಯಿತು. ಪಾತ್ರೆಯಲ್ಲಿ ಹಾಲು ಹಳದಿಗೆ ತಿರುಗಿತ್ತು. ಅವನು ಕೈಯಾರೆ ಕದಡಿ ಶೀಸೆ ತುಂಬಿ ಮುಚ್ಚಳ ಹಾಕಿದ. ತಾನೂ ಬರುತ್ತೇನೆಂದು ತಾರವ್ವ ಚಪ್ಪಲಿ ಮೆಟ್ಟಿಕೊಂಡಳು, ಹೆಂಗೂ ಹಿಂಡಿದ್ದಾಯಿತು, ಹಾಕಿಯೇ ಬರುತ್ತೇನೆ ಅಂದಳು.

ಅವನು ಮುಂದೆ, ಪಾತ್ರೆ ಹೊತ್ತು ಅವಳು ಹಿಂದೆ. ಪಾತ್ರೆ ತಾನು ಹೊರುತ್ತೇನೆಂದರೆ ಕೊಡಲಿಲ್ಲ. ಶೀಸೆ ಮುಷ್ಟಿಯಲ್ಲಿ ಇನ್ನೂ ಬಿಸಿಯಿತ್ತು. ದಾರಿಯುದ್ದಕ್ಕೂ ಅವಳು ಮಾತಾಡುತ್ತಲೇ ಬಂದಳು. ಬಾಬಾಸಾಹೇಬ ಸಣ್ಣವನಿದ್ದಾಗ ತನ್ನ ಕೈಯಲ್ಲೇ ಉಂಡು ಬೆಳೆದವನು, ತನ್ನ ಮಾತು ತೆಗೆದುಹಾಕುವುದಿಲ್ಲ, ಅಂದಳು. ಡೇರಿಯಲ್ಲಿ ಒಂಬತ್ತು ವರ್ಷ ದುಡಿದವನನ್ನು ನಾಲ್ಕು ಹನಿ ಹಾಲಿಗೆ ಕಳ್ಳ ಅನ್ನುವುದು ಯಾವ ನ್ಯಾಯ, ಇವತ್ತು ಎಲ್ಲರ ಎದುರಿಗೇ ಕೇಳುತ್ತೇನೆ, ಅಂದಳು. ಮನಿಷಾ ಪಾಪ ಅತ್ತಳೇನೋ, ಸಂಜೆ ಹೋಗಿ ಮಾತಾಡಿಸಿ ಬರುತ್ತೇನೆ, ಅಂದಳು. ನೀ ಊಟ ಮಾಡಿದಿ ಇಲ್ಲೋ, ಅಂದಳು. ಟ್ರಾಕ್ಟರುಗಳು ಹೊರಟು ಹೋಗಿದ್ದವು, ರಸ್ತೆಯಲ್ಲಿ ಬೆಂಕಿಯ ಬೂದಿ ಮಾತ್ರ ಇತ್ತು. ಕಟ್ಟೆ ಕಾಣತೊಡಗಿತು, ಕಟ್ಟೆಯ ಮೇಲೆ ಬಕೆಟ್ಟು, ಬಿಸಿಲಿಗೆ ಹೊಳೆಯುತ್ತ. ಭೀಮಸಿ ಹೆಜ್ಜೆ ಸಣ್ಣ ಮಾಡಿದ. ಇನ್ನೂ ಸಣ್ಣ ಮಾಡಿದ. ಆ ದನಿ ಇನ್ನೊಂದಿಷ್ಟು ಹೊತ್ತು ಹಿಂದಿನಿಂದ ಬರುತ್ತಿರಲಿ ಎಂದು.

ಮೊಣಕಾಲು ನೋಯುವ ತನಗಾಗಿ ಅವನು ನಿಧಾನ ಮಾಡಿದನೆಂದು ತಾರವ್ವ ತಿಳಿದಳು.

"ನನ್ ಸಲುವಾಗಿ ನಿಲ್ಲಬ್ಯಾಡೋ ತಮ್ಮಾ," ಅಂದಳು. "ನೀ ನಡಿ, ನಾ ಬರ್ತೀನಿ."